ಕಿಟಕಿಯವನು ಶುಕ್ರವಾರ ಬರುತ್ತಾನೆ

ನಮ್ಮ ಮನೆ, ಊಟದ ಮೇಜು, ಎರಡೂ ಚಿಲಕ ಹಾಕಿದ ಬಾಗಿಲ ಹಿಂದೆ
ಮಂಗಳವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಮಾವಾ,

ನಿನ್ನ ಅಕ್ಕನ ಮಗಳು ಮಾಡುವ ನಮಸ್ಕಾರಗಳು. ಮೊದಲು ನಿನ್ನ ಕಿವಿಗಳ ಕ್ಷೇಮ ಸಮಾಚಾರ ತಿಳಿಯಬೇಕು. ಎಡಗಿವಿ ಎಂದಿನಂತೆ ಚುರುಕಾಗಿದೆಯೇ? ಬಲಗಿವಿ ಎಂದಿನಂತೆ ನಿದ್ದೆ ಹೊಡೆಯುತ್ತಿದೆಯೇ? ಡಾಕ್ಟರು ಬರೆದುಕೊಟ್ಟ ಹನಿಯನ್ನು ಕಿವಿಗೇ ಬಿಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಹೋದ ಸಲದ ಹಾಗೆ ಯಾರದೋ ಹೊಲಿಗೆ ಮಷೀನಿನ ಚಕ್ರಕ್ಕೆ ಬಿಟ್ಟು, ‘ಡಾಕ್ಟ್ರೇ, ಒಳ್ಳೇ ಔಷಧಿ, ಕಿರುಗುಟ್ಟೋದೇ ನಿಂತುಹೋಯ್ತು’ ಎಂದು ಪ್ರಶಸ್ತಿಪತ್ರ ಕೊಟ್ಟು ಬಂದಿದ್ದೀಯೋ? ಮಂಡಿ ನೋವು ಹೇಗಿದೆ? ಊರೂರು ಅಲೆದು ಮಷೀನು ರಿಪೇರಿ ಮಾಡುವವನ ಮಂಡಿಗೆ ಎಣ್ಣೆ ಬಿಡುವವರು ಯಾರು ಎಂದು ಅಮ್ಮ ಇದ್ದಾಗ ಗೊಣಗುತ್ತಿದ್ದಳು. ಈಗ ಆ ಗೊಣಗುವ ಕೆಲಸ ನನ್ನ ಪಾಲಿಗೆ ಬಂದಿದೆ, ಗೊಣಗಿದ್ದೇನೆ, ಸ್ವೀಕರಿಸು. ಇನ್ನು ನಾನು ಕ್ಷೇಮ. ಹಾಗೆ ಬರೆಯದಿದ್ದರೆ ಕಾಗದಕ್ಕೆ ಕಾಗದವೆನ್ನುವ ಮರ್ಯಾದೆಯೇ ಇರುವುದಿಲ್ಲ, ಅದಕ್ಕಾಗಿ ಬರೆದಿದ್ದೇನೆ. ನಂಬಲೇಬೇಕೆಂಬ ಒತ್ತಾಯವಿಲ್ಲ.

ನಿನ್ನ ಕಾರ್ಡು ನಿನ್ನೆ ತಲುಪಿತು. ಶುಕ್ರವಾರ ಸಂಜೆಯ ಬಸ್ಸಿಗೆ ಬರುತ್ತೇನೆ, ಬಸ್‌ಸ್ಟ್ಯಾಂಡಿಗೆ ಯಾರೂ ಬರುವುದು ಬೇಡ, ದಾರಿಯಲ್ಲಿ ನಾಲ್ಕು ಮನೆಗಳ ಸದ್ದು ಕೇಳಿಕೊಂಡು ನಿಧಾನವಾಗಿ ನಡೆದು ಬರುತ್ತೇನೆ ಎಂದು ಬರೆದಿದ್ದೀಯೆ. ಬೇರೆ ಸಮಯವಾಗಿದ್ದರೆ ನಾನು ಈ ಹೊತ್ತಿಗೆ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಅಮ್ಮನ ಮಷೀನಿನ ಮೇಲಿನ ಧೂಳು ಒರೆಸಿ, ‘ಎಣ್ಣೆ ಬಿಟ್ಟಿದ್ದೀನಿ ಮಾವಾ’ ಎಂಬ ಸುಳ್ಳನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೆ. ಈ ಸಲ ಯಾವುದಕ್ಕೂ ಕೈ ಹಚ್ಚಿಲ್ಲ. ಮಾವಾ, ಶುಕ್ರವಾರ ಬರಬೇಡ. ಈ ಊರಿನಲ್ಲಿ ನಿನ್ನನ್ನು ಹೊಡೆಯಲು ಜನ ಕಾದು ಕುಳಿತಿದ್ದಾರೆ. ನೀನು ಯಾರೆಂದು ಅವರಿಗೆ ಗೊತ್ತಿಲ್ಲ. ನೀನು ಹೇಗಿದ್ದೀಯೆ, ಹೇಗೆ ನಿಲ್ಲುತ್ತೀಯೆ, ಕೈಯಲ್ಲಿ ಏನು ಹಿಡಿದಿರುತ್ತೀಯೆ ಎನ್ನುವುದು ಮಾತ್ರ ಊರಿನ ಎಲ್ಲರಿಗೂ ಬಾಯಿಪಾಠವಾಗಿದೆ. ಪಾಠ ಹೇಳಿಕೊಟ್ಟವಳು ನಾನೇ.

ಫೋನಿನಲ್ಲಿ ಹೇಳಬಹುದಾಗಿತ್ತು. ನೀನೋ, ಫೋನಿಗೆ ಕಿವಿ ಕೊಟ್ಟರೆ ಇರುವ ಒಂದು ಕಿವಿಯೂ ಕೆಡುತ್ತದೆ ಎಂದು ವ್ರತ ಹಿಡಿದವನು. ಆದರೂ ನೀನು ಬೀಡುಬಿಟ್ಟಿರುವ ಆ ದರ್ಜಿಯ ಅಂಗಡಿಗೆ ಫೋನ್ ಮಾಡಿದೆ. ‘ಅವರು ಚಹಾಕ್ಕೆ ಹೋಗಿದ್ದಾರೆ, ಏನು ಹೇಳ್ಲಿ?’ ಎಂದ. ‘ಬರಬೇಡಿ ಅಂತ ಹೇಳಿ’ ಎಂದೆ. ಆ ಕಡೆ ಕತ್ತರಿಯ ಸದ್ದು ನಿಂತಿತು. ‘ಅಲ್ಲ ತಾಯಿ, ಅಕ್ಕನ ಮಗಳು ಮನೆಗೆ ಬರಬೇಡ ಅಂದ್ಲು ಅಂತ ನನ್ನ ಬಾಯಲ್ಲಿ ಹೇಳಿಸ್ತೀರಾ? ನಿಮ್ಮನೆಗೆ ಬರೋಕೆ ಅಂತ ಹೊಸ ಅಂಗಿ ಹೊಲಿಸ್ಕೊಂಡಿದ್ದಾರೆ ಅವರು. ಈ ಪಾಪ ನಂಗೆ ಬೇಡ’ ಎಂದು ಫೋನ್ ಇಟ್ಟುಬಿಟ್ಟ. ಅದಕ್ಕೇ ಈ ಕಾಗದ. ನಾಳೆ ಬೆಳಗಿನ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಸಂಜೆಗೆ ಅಂಗಡಿಗೆ ತಲುಪಿಸುತ್ತಾನೆ. ಚಹಾ ಮುಗಿಸಿ, ಕೂತುಕೊಂಡು ಓದು. ನಿಂತು ಓದುವಂಥದ್ದಲ್ಲ.

ವಾರಪತ್ರಿಕೆಗೆ ನಾನು ಬರೆಯುವ ನಗೆಬರಹ ಓದಿ ಇಲ್ಲಿಯ ಹೈಸ್ಕೂಲಿನ ಹೆಡ್‌ಮಾಸ್ಟರು ನನ್ನನ್ನು ಕರೆಸಿದ್ದು ನಿನಗೆ ಗೊತ್ತು. ‘ಎರಡು ಸಲ ನಕ್ಕೆ ಮೇಡಂ’ ಎಂದಿದ್ದರು. ಎಲ್ಲೆಲ್ಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಒಂಬತ್ತನೇ ತರಗತಿಗೆ ಪ್ರತಿ ಶನಿವಾರ ಒಂದು ಪೀರಿಯಡ್ಡು ಸೃಜನಶೀಲ ಬರವಣಿಗೆ ಕಲಿಸಬೇಕೆಂದು ಅಪ್ಪಣೆಯಾಯಿತು. ‘ಎಷ್ಟು ಪುಟ ಅಂತ ಮೊದಲೇ ಹೇಳಿಬಿಡಿ, ನಮ್ಮ ಮಕ್ಕಳು ಎಷ್ಟು ಪುಟ ಬೇಕಾದ್ರೂ ಸೃಜನಶೀಲರಾಗ್ತಾರೆ’ ಎಂದು ಭರವಸೆ ಕೊಟ್ಟರು. ಆಟದ ಪೀರಿಯಡ್ಡು ಮುಗಿಸಿ, ಬೆವರು ಮತ್ತು ಮೈದಾನದ ಮಣ್ಣಿನ ಸಮೇತ ಬರುವ ಮಕ್ಕಳು. ಲ್ಯಾಬಿನ ಪಕ್ಕದ ಕೋಣೆ. ಗೋಡೆಯಾಚೆಯಿಂದ ಯಾವಾಗಲೂ ಏನೋ ಸುಟ್ಟ ವಾಸನೆ. ಅಲ್ಲಿ ನಿಂತು ನಾನು ಮೊದಲ ದಿನವೇ ಒಂದು ಸೂತ್ರ ಕೊಟ್ಟೆ: ಹೇಳಬೇಡಿ, ತೋರಿಸಿ. ಅವಳು ದುಃಖದಲ್ಲಿದ್ದಳು ಎಂದು ಹೇಳಬೇಡಿ, ಅವಳ ಮುಂದಿನ ಚಹಾ ತಣ್ಣಗಾದದ್ದನ್ನು ತೋರಿಸಿ. ಮಕ್ಕಳಿಗೆ ಇದು ತಲೆಗೆ ಹತ್ತಿತು. ಮರುವಾರವೇ ಒಬ್ಬ, ‘ಮೇಡಂ, ನಂಗೆ ಹೊಟ್ಟೆನೋವು ಅಂತ ಹೇಳಲ್ಲ, ತೋರಿಸ್ತೀನಿ’ ಎಂದು ಬೆಂಚಿನ ಕೆಳಗೆ ಉರುಳಾಡಿ, ಮನೆಗೆ ಹೋಗಲು ರಜೆ ಗಿಟ್ಟಿಸಿಕೊಂಡ.

ಹೋದ ತಿಂಗಳು ಭಯದ ಕಥೆ ಬರೆಯಿರಿ ಎಂದೆ. ಬರೆದರು. ಅಷ್ಟೂ ಕಥೆಗಳಲ್ಲಿ ಒಂದೇ ದೆವ್ವ. ಬಿಳಿ ಬಟ್ಟೆ, ಬಿಚ್ಚಿದ ಕೂದಲು, ಕೆಂಡದ ಕಣ್ಣು, ‘ಹಹ್ಹಹ್ಹಾ’ ಎಂಬ ನಗು, ನಗುವಿನ ಹಿಂದೆ ಮೆರವಣಿಗೆ ಹೊರಟ ಆಶ್ಚರ್ಯಚಿಹ್ನೆಗಳು. ಒಂದೇ ದೆವ್ವ ಇಷ್ಟು ಮಕ್ಕಳ ಮನೆಗೆ ಹೋಗಿಬರಬೇಕಾದರೆ ಅದರ ಮಂಡಿ ನಿನ್ನದಕ್ಕಿಂತ ಹಾಳಾಗಿರಬೇಕು. ತರಗತಿಯವರು ಮಹಾಕವಿ ಎಂದು ಕರೆಯುವ ಹುಡುಗನೊಬ್ಬ ಎದ್ದು, ‘ಮೇಡಂ, ನಂದು ಬೇರೆ. ನನ್ನ ದೆವ್ವಕ್ಕೆ ಕನ್ನಡಕ ಇದೆ’ ಎಂದ. ಆಗ ನನಗೆ ಗುರುಸ್ಥಾನದ ಅಹಂಕಾರ ನೆತ್ತಿಗೇರಿತು. ಭಯ ಹುಟ್ಟಿಸಲು ದೆವ್ವ ಬೇಕಾಗಿಲ್ಲ ಮಕ್ಕಳೇ, ಬಹಳ ಒಳ್ಳೆಯ ಒಬ್ಬ ಮನುಷ್ಯ ಸಾಕು. ಅವನ ಬಗ್ಗೆ ಅರ್ಧ ಹೇಳಿ, ಅರ್ಧ ಬಿಡಿ ಎಂದೆ. ಹೇಗೆ ಮೇಡಂ ಎಂದರು. ಹೇಗೆ ಎಂದು ತೋರಿಸಲು ನನಗೆ ತಕ್ಷಣ ನೆನಪಾದ ಬಹಳ ಒಳ್ಳೆಯ ಮನುಷ್ಯ ಯಾರೆಂದು ಬೇರೆ ಹೇಳಬೇಕೇ? ಹಿಗ್ಗಬೇಡ, ಮುಂದೆ ಓದು.

ಕರಿಹಲಗೆಯ ಮೇಲೆ ಬರೆದೆ: ‘ಅವನು ಕಿಟಕಿಯ ಕೆಳಗೆ ನಿಲ್ಲುತ್ತಾನೆ. ತಲೆ ಒಂದು ಕಡೆ ವಾಲಿರುತ್ತದೆ. ಮನೆಯೊಳಗಿನ ಸದ್ದು ಕೇಳುತ್ತಾನೆ. ಕೈಯಲ್ಲಿ ಉದ್ದನೆಯ ಕಪ್ಪು ಚೀಲ. ಮಕ್ಕಳನ್ನು ಕಂಡರೆ ಜೇಬಿಗೆ ಕೈ ಹಾಕುತ್ತಾನೆ.’ ಅಷ್ಟೇ. ಒಳಗೆ ಕಿರುಗುಟ್ಟುವ ಮಷೀನು ಯಾವ ಭಾಗಕ್ಕೆ ಎಣ್ಣೆ ಕೇಳುತ್ತಿದೆ ಎಂದು ತಿಳಿಯಲು ನಿಲ್ಲುತ್ತಾನೆ, ಇರುವುದು ಒಂದೇ ಕಿವಿಯಾದ್ದರಿಂದ ತಲೆ ವಾಲಿಸುತ್ತಾನೆ, ಚೀಲದಲ್ಲಿರುವುದು ಸ್ಕ್ರೂಡ್ರೈವರು ಮತ್ತು ಬೆಲ್ಟು, ಜೇಬಿನಲ್ಲಿರುವುದು ಖಾಲಿ ದಾರದ ಉರುಳೆಯಿಂದ ಮಾಡಿದ ಬುಗುರಿ, ಅಂಗಿಯ ಕಾಲರಿಗೆ ಯಾವಾಗಲೂ ಒಂದು ಸೂಜಿ ಚುಚ್ಚಿಕೊಂಡಿರುತ್ತಾನೆ, ಅಕ್ಕ ತೀರಿಕೊಂಡಾಗ ಅವಳ ಮಷೀನಿನ ಮೇಲೆ ತಲೆಯಿಟ್ಟು ಅತ್ತಿದ್ದ. ಇದನ್ನೆಲ್ಲ ಬರೆಯಲಿಲ್ಲ. ಅದು ಬಿಟ್ಟ ಅರ್ಧ. ಸೀಮೆಸುಣ್ಣ ಕೆಳಗಿಟ್ಟು ತಿರುಗಿ ನೋಡಿದರೆ ಏನನ್ನೋ ಜಗಿಯುತ್ತಿದ್ದ ಮಹಾಕವಿಯ ದವಡೆ ನಿಂತಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಎದ್ದು ಕಿಟಕಿ ಮುಚ್ಚಿದಳು. ನನ್ನ ನಗೆಬರಹಕ್ಕೆ ಇಂಥ ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ, ಮಾವಾ. ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ನಾನು ಮನೆಗೆಲಸ ಕೊಟ್ಟೆ.

ಕಥೆ ಗೆದ್ದಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇದನ್ನೇ ನಿಮ್ಮ ನಿಮ್ಮ ಮಾತಿನಲ್ಲಿ ಬೆಳೆಸಿ, ಮನೆಯಲ್ಲಿ ಊಟದ ಹೊತ್ತಿಗೆ ಒಬ್ಬರಿಗೆ ಹೇಳಿ. ಕಥೆ ಎಂದು ಮಾತ್ರ ಹೇಳಬೇಡಿ. ಕೇಳಿದವರ ತುತ್ತು ಬಾಯಿಗೆ ಹೋಗದೆ ನಡುದಾರಿಯಲ್ಲಿ ನಿಂತರೆ ನೀವು ಪಾಸು. ಇದು ನನ್ನ ಆಜ್ಞೆ. ಲೆಕ್ಕದ ಮನೆಗೆಲಸವನ್ನು ಒಮ್ಮೆಯೂ ಪೂರ್ತಿ ಮಾಡದ ಈ ಮಕ್ಕಳು ಇದನ್ನು ಎಷ್ಟು ಶ್ರದ್ಧೆಯಿಂದ ಮಾಡಿದರೆಂದರೆ, ಅದೇ ಶನಿವಾರ ಊರಿನ ಅಷ್ಟೂ ಮನೆಗಳಲ್ಲಿ ಏಕಕಾಲಕ್ಕೆ ತುತ್ತುಗಳು ನಿಂತಿರಬೇಕು. ಸೋಮವಾರ ಬೆಳಗ್ಗೆ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ನನ್ನನ್ನು ಕರೆದು, ದನಿ ತಗ್ಗಿಸಿ, ‘ಗೊತ್ತಾಯ್ತಾ? ಒಬ್ಬ ಕಿಟಕಿ ಕೆಳಗೆ ನಿಲ್ತಾನಂತೆ. ತಲೆ ಒಂದು ಕಡೆ ವಾಲಿರುತ್ತಂತೆ’ ಎಂದರು. ನನ್ನದೇ ವಾಕ್ಯ, ಚೂರೂ ಮುಕ್ಕಾಗದೆ ಊರು ಸುತ್ತಿ ನನ್ನ ಬಾಗಿಲಿಗೆ ಬಂದಿತ್ತು. ಬರೆಯುವವಳಾಗಿ ಒಂದು ಕ್ಷಣ ಹೆಮ್ಮೆಪಟ್ಟೆ. ಮರುಕ್ಷಣ ಆಕೆ, ‘ಆ ಚೀಲ ಇದೆಯಲ್ಲ, ಅದರ ಉದ್ದ ಸರಿಯಾಗಿ ಒಂದು ಮಗೂನ ಉದ್ದ ಅಂತೆ’ ಎಂದಾಗ ಆ ಹೆಮ್ಮೆ ಇಳಿದುಹೋಯಿತು. ಅದು ನಾನು ಬರೆದದ್ದಲ್ಲ. ಅದು ಯಾವ ಮಗು ಸೇರಿಸಿತೋ, ಯಾವ ಅಜ್ಜಿ ಸೇರಿಸಿದಳೋ, ಕಥೆ ಆಗಲೇ ನನ್ನ ಕೈ ಬಿಟ್ಟು ಓಡಿಹೋಗಿತ್ತು. ಊರು ಅವನಿಗೊಂದು ಹೆಸರನ್ನೂ ಇಟ್ಟಿತು. ಕಿಟಕಿಯವನು.

ಸುಮ್ಮನೆ ಕೂರಲಿಲ್ಲ ನಾನು. ಮೊದಲು ಮಕ್ಕಳಿಗೆ, ಹೋಗಿ ಇದು ಕಥೆ ಎಂದು ಹೇಳಿಬಿಡಿ ಎಂದೆ. ಹೇಳಿದರು. ಮನೆಯವರು, ‘ನೋಡು, ಪಾಪ, ಮಗೂನ ಹೆದರಿಸಿಬಿಟ್ಟಿದ್ದಾನೆ, ಕಥೆ ಅನ್ನು ಅಂತ ಹೇಳಿಕೊಟ್ಟಿದ್ದಾನೆ’ ಎಂದು ಗೇಟಿಗೆ ಹೊಸ ಬೀಗ ತಂದರು. ಹೆಡ್‌ಮಾಸ್ಟರಲ್ಲಿಗೆ ಹೋಗಿ ಎಲ್ಲ ವಿವರಿಸಿದೆ. ಅವರು ಗಲ್ಲಕ್ಕೆ ಕೈಯಿಟ್ಟು ಕೇಳಿ, ‘ಅಂದ್ರೆ ನಮ್ಮ ಶಾಲೆಯ ಹತ್ರಾನೂ ಬಂದಿದ್ದ ಅನ್ನಿ’ ಎಂದು, ಮರುದಿನದ ಪ್ರಾರ್ಥನೆಯಲ್ಲಿ ಎಲ್ಲರೂ ಗುಂಪಾಗಿ ಮನೆಗೆ ಹೋಗತಕ್ಕದ್ದು ಎಂದು ಅಪ್ಪಣೆ ಹೊರಡಿಸಿದರು. ನನ್ನ ಅಂಕಣದಲ್ಲಿ ನಿಜವನ್ನೇ ಬರೆದೆ, ನಗಿಸುವ ಒಂದು ಸಾಲೂ ಇಲ್ಲದೆ. ಜೀವಮಾನದಲ್ಲೇ ನನಗೆ ಅಷ್ಟು ಹೊಗಳಿಕೆ ಬಂದಿರಲಿಲ್ಲ. ‘ಏನ್ ಮೇಡಂ, ಈ ಸಲ ಕಿಟಕಿಯವನನ್ನೂ ಬಿಟ್ಟಿಲ್ಲ ನೀವು, ಹೊಟ್ಟೆ ಹುಣ್ಣಾಯ್ತು’ ಎಂದು ಔಷಧಿ ಅಂಗಡಿಯವರು ನಕ್ಕು, ನನ್ನ ಕೈಗೆ ಚಿಲ್ಲರೆ ಕೊಟ್ಟು, ಶಟರು ಅರ್ಧ ಎಳೆದುಕೊಂಡರು. ನಗಿಸಿ ಬದುಕುವವರ ಹಣೆಬರಹ ನೋಡು, ಬೆಂಕಿ ಬಿದ್ದಿದೆ ಎಂದು ಕೂಗಿದರೂ ಜನ ಚಪ್ಪಾಳೆ ತಟ್ಟುತ್ತಾರೆ.

ಕೊನೆಗೆ ಪೊಲೀಸ್ ಠಾಣೆಗೂ ಹೋದೆ. ಅಂಥ ಮನುಷ್ಯನೇ ಇಲ್ಲ, ಇರುವವರು ನನ್ನ ಸೋದರಮಾವ, ಹೀಗೆ ಹೀಗೆ ಎಂದು ನಿನ್ನ ಎತ್ತರ, ಮೈಬಣ್ಣ, ನಡಿಗೆ, ಚೀಲದ ಹಿಡಿಕೆಗೆ ಸುತ್ತಿದ ಹಳದಿ ದಾರ ಎಲ್ಲವನ್ನೂ ಹೇಳಿದೆ. ಇನ್‌ಸ್ಪೆಕ್ಟರು ಬಹಳ ಸಭ್ಯರು, ಒಂದು ಸಲವೂ ಅಡ್ಡ ಮಾತಾಡದೆ ಬರೆದುಕೊಂಡರು. ಆಮೇಲೆ, ‘ತುಂಬಾ ಉಪಕಾರ ಆಯ್ತು. ಇಷ್ಟು ಸ್ಪಷ್ಟವಾದ ವಿವರ ಇದುವರೆಗೆ ಯಾರೂ ಕೊಟ್ಟಿರಲಿಲ್ಲ. ಆ ಹಳದಿ ದಾರ ಇದೆಯಲ್ಲ, ಅದು ಮುಖ್ಯ’ ಎಂದರು. ಸರ್, ಅವರು ನನ್ನ ಮಾವ ಎಂದೆ. ‘ಇರಲಿ ಬಿಡಿ, ಬಂದಾಗ ಒಂದ್ಸಲ ಇಲ್ಲಿಗೆ ಕರ್ಕೊಂಡು ಬನ್ನಿ, ನೋಡೋಣ’ ಎಂದರು. ನಿನ್ನನ್ನು ಬಿಡಿಸಲು ಹೋಗಿ ನಿನ್ನ ಗುರುತನ್ನು ಇನ್ನಷ್ಟು ತಿದ್ದಿ ಕೊಟ್ಟು ಬಂದಿದ್ದೆ.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. ಬಿಟ್ಟ ಅರ್ಧವನ್ನೂ ಹೇಳಿಬಿಟ್ಟರೆ ಸರಿಹೋದೀತೆಂದು ಸಿಕ್ಕಸಿಕ್ಕವರಿಗೆಲ್ಲ, ಅವರು ಹೊಲಿಗೆ ಮಷೀನು ರಿಪೇರಿ ಮಾಡುವವರು ಕಣ್ರೀ ಎಂದು ಹೇಳುತ್ತಾ ಬಂದೆ. ಮೂರನೇ ದಿನ ಅದು ಪಕ್ಕದ ಮನೆಯಾಕೆಯ ಬಾಯಿಂದ ನನಗೇ ವಾಪಸು ಬಂತು. ‘ಹುಷಾರು ಕಣ್ರೀ, ಹೊಲಿಗೆ ಮಷೀನ್ ರಿಪೇರಿ ಅಂತ ಹೇಳ್ಕೊಂಡು ಬಾಗಿಲು ತಟ್ತಾನಂತೆ.’ ಅಲ್ಲಿಗೆ ನಿನ್ನ ಪಾಲಿಗಿದ್ದ ಒಂದೇ ಒಂದು ಉತ್ತರವೂ ಹೋಯಿತು. ಯಾರು ನೀನು ಎಂದು ಅವರು ಕೇಳಿದಾಗ ನೀನು ನಿಜ ಹೇಳುತ್ತೀಯೆ. ಸುಳ್ಳು ಹೇಳುವುದು ನಿನಗೆ ಬರುವುದಿಲ್ಲ, ಅಮ್ಮ ಕಲಿಸಲು ನೋಡಿ ಸೋತಿದ್ದಳು. ನಿಜ ಹೇಳಿದ ಕೂಡಲೇ, ‘ಇವನೇ’ ಎನ್ನುತ್ತಾರೆ.

ಸುಮ್ಮನೆ ಹೆದರಿಸುತ್ತಿದ್ದೇನೆ ಎಂದುಕೊಳ್ಳಬೇಡ. ಹೋದ ಗುರುವಾರ ಕರೆಂಟಿನ ಮೀಟರು ನೋಡುವವನು, ಹಿಂದಿನ ಬೀದಿಯ ಒಂದು ಮನೆಯ ಕಿಟಕಿಯ ಕೆಳಗೆ ನಿಂತು, ಮೀಟರಿನ ಮಸುಕು ಅಂಕೆ ಓದಲು ತಲೆ ವಾಲಿಸಿದನಂತೆ. ಅಷ್ಟೇ ಸಾಕಾಯಿತು. ಎಲ್ಲಿಂದ ಬಂದರೋ ಜನ. ನಾನು ತಲುಪುವ ಹೊತ್ತಿಗೆ ಅವನ ಚೀಲದಿಂದ ಬಿಲ್ಲಿನ ಸುರುಳಿ ಬಿಚ್ಚಿಕೊಂಡು ಬೀದಿಯುದ್ದಕ್ಕೂ ಹಾಸಿತ್ತು, ಕನ್ನಡಕದ ಒಂದು ಗಾಜು ಚರಂಡಿಯ ಅಂಚಿನಲ್ಲಿತ್ತು. ಹೊಡೆದವರು ಯಾರು ಗೊತ್ತೇ? ದಿನಾ ಬೆಳಗ್ಗೆ ನನಗೆ ನಮಸ್ಕಾರ ಹೇಳುವವರು. ತುಟಿಗೆ ಹೊಲಿಗೆ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ್ದವನನ್ನು ನೋಡಲು ಹಣ್ಣು ಹಿಡಿದುಕೊಂಡು ಹೋದೆ. ‘ನಂಬರ್ ಓದೋದೂ ತಪ್ಪಾ ಮೇಡಂ?’ ಎಂದು ಊದಿದ ಬಾಯಿಂದ ಕೇಳಿದ. ಇದಕ್ಕೆಲ್ಲ ಕಾರಣ ನಾನು ಕಟ್ಟಿದ ಕಥೆ ಎಂದು ಹೇಳಿಯೂಬಿಟ್ಟೆ. ಅವನಿಗೆ ಅರ್ಥವಾದದ್ದು ಬೇರೆಯೇ. ನನ್ನ ಕೈ ಹಿಡಿದುಕೊಂಡು, ‘ನೀವು ಸಂಕಟಪಡಬೇಡಿ. ಅವನಿಂದ ತಾನೆ ನಂಗೆ ಹಿಂಗಾಗಿದ್ದು? ಸಿಗ್ಲಿ ಆ ಕಿಟಕಿಯವನು, ಮೊದಲನೇ ಏಟು ನಂದು’ ಎಂದ.

ಮಕ್ಕಳ ಮುಖ ನೋಡಬೇಕು ನೀನು. ಈಗ ಪೀರಿಯಡ್ಡಿನಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. ಕಥೆ ಕಟ್ಟಿದವರೇ ಕಿಟಕಿಯ ಪಕ್ಕ ಕೂರಲು ಒಪ್ಪುವುದಿಲ್ಲ. ಮಹಾಕವಿ ನನ್ನ ಬಳಿ ಬಂದು, ‘ಮೇಡಂ, ನಾವು ಬರೆದಿದ್ದಕ್ಕೇ ಅವನು ಹುಟ್ಟಿಬಿಟ್ನಾ?’ ಎಂದು ಕೇಳಿದ. ಹುಟ್ಟಿ ಬಹಳ ವರ್ಷವಾಯಿತು ಕಣೋ, ಅವರು ನನ್ನ ಮಾವ ಎಂದರೆ, ‘ಅಯ್ಯೋ’ ಎಂದು ಹಿಂದೆ ಸರಿದ. ಆಗ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ವರ್ಷವಿಡೀ ಅವಳ ದನಿ ನಾನು ಕೇಳಿರಲಿಲ್ಲ. ‘ನಂಗೆ ಅವತ್ತೇ ಗೊತ್ತಿತ್ತು ಮೇಡಂ ಅದು ಯಾರು ಅಂತ. ಹೋದ ವರ್ಷ ನಮ್ಮಮ್ಮನ ಮಷೀನ್ ಸರಿಮಾಡಿಕೊಟ್ಟಿದ್ರು. ನಂಗೆ ಬುಗುರಿ ಕೊಟ್ಟಿದ್ರು’ ಎಂದಳು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. ‘ನೀವು ಅರ್ಧ ಬಿಡಿ ಅಂದಿದ್ರಲ್ಲ’ ಎಂದಳು.

ನನಗೆ ಹೋದ ಜೀವ ಬಂದ ಹಾಗಾಯಿತು. ನೀನು ಈ ಊರಿಗೆ ಬಂದದ್ದು ಒಂದೇ ಸಲ. ನಿನ್ನನ್ನು ಕಂಡು ಬಲ್ಲವರು ಒಬ್ಬರಾದರೂ ಸಿಕ್ಕರಲ್ಲ, ಆ ಹುಡುಗಿಯ ತಾಯಿ ನಾಲ್ಕು ಜನಕ್ಕೆ ಹೇಳಿದರೆ ಸಾಕು ಎಂದು ಶಾಲೆಯಿಂದ ನೇರ ಅವಳ ಮನೆಗೇ ಹೋದೆ. ಬಟ್ಟೆ ಹೊಲಿದು ಮನೆ ನಡೆಸುವವಳು. ಕಿಟಕಿಯ ಪಕ್ಕದಲ್ಲೇ ಮಷೀನು, ಸುತ್ತ ಶಾಲೆಯ ಯೂನಿಫಾರ್ಮಿನ ನೀಲಿ ತುಂಡುಗಳು. ನೆನಪಿದೆಯಾ ಎಂದು ಕೇಳಿದೆ. ‘ಯಾಕಿಲ್ಲ? ಎಷ್ಟು ಒಳ್ಳೇರು. ಚಹಾ ಕೊಟ್ಟೆ, ಕುಡುದ್ರು’ ಎಂದು ನಕ್ಕಳು. ಕಾಲಿನಿಂದ ತುಳಿಯುತ್ತಲೇ ಇದ್ದಳು. ಆಮೇಲೆ ಅವಳ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯತೊಡಗಿತು. ‘ಆದ್ರೆ ಈಗ ನೆನೆಸಿಕೊಂಡ್ರೆ... ಬಾಗಿಲು ತಟ್ಟೋಕೆ ಮುಂಚೆ ತುಂಬಾ ಹೊತ್ತು ಅಲ್ಲೇ ನಿಂತಿದ್ರು, ಈ ಕಿಟಕಿ ಕೆಳಗೆ. ಒಳಗೆ ನಾನೂ ಮಗಳೂ ಇಬ್ರೇ. ಮಷೀನ್ ಕೆಟ್ಟಿದೆ ಅಂತ ಅವರಿಗೆ ಹೆಂಗೆ ಗೊತ್ತಾಯ್ತು ಹೇಳಿ? ನಾನು ಯಾರಿಗೂ ಹೇಳಿರ್ಲಿಲ್ಲ.’ ಮಾವಾ, ನೀನು ಸರಿಮಾಡಿಕೊಟ್ಟ ಆ ಮಷೀನು ಒಂದಿಷ್ಟೂ ಕಿರುಗುಟ್ಟದೆ, ಬೆಣ್ಣೆಯ ಹಾಗೆ ಓಡುತ್ತಿತ್ತು. ಅದರ ಮೇಲೆ ಹೊಲಿಯುತ್ತಲೇ ಅವಳು ಇಷ್ಟನ್ನೂ ಹೇಳಿದಳು. ಎದ್ದು ಕಿಟಕಿ ಮುಚ್ಚಿ, ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ನಿನ್ನನ್ನು ನೋಡದವರು ಹೆದರಿದರೆ ನನಗೆ ಅಷ್ಟು ಭಯವಾಗಿರಲಿಲ್ಲ. ನಿನ್ನ ಕೈಯಿಂದ ಉಪಕಾರ ಪಡೆದವಳು ನಿನ್ನನ್ನು ಹೊಸದಾಗಿ ನೆನಪಿಸಿಕೊಂಡು ಹೆದರಿದ್ದನ್ನು ಕಣ್ಣಾರೆ ಕಂಡಮೇಲೆ, ಅವತ್ತಿನಿಂದ ನನಗೆ ಅನ್ನ ಸರಿಯಾಗಿ ಇಳಿಯುತ್ತಿಲ್ಲ.

ನನ್ನ ಯಜಮಾನರ, ಅಂದರೆ ನಿನ್ನ ಅಳಿಯನ ಸಮಾಚಾರ ಕೇಳು. ಬೀದಿಯ ಕಾವಲು ಪಡೆಗೆ ಸೇರಿದ್ದಾರೆ. ಆಯುಧ, ತಂತಿ ಹರಿದ ಬ್ಯಾಡ್ಮಿಂಟನ್ ಬ್ಯಾಟು. ದಿನಾ ಸಂಜೆ ಆಫೀಸಿನಿಂದ ಬಂದು, ಶೂ ಬಿಚ್ಚದೆ, ಅದನ್ನು ಹೆಗಲಿಗಿಟ್ಟುಕೊಂಡು ಬೀದಿಯ ತುದಿಗೆ ಹೋಗುತ್ತಾರೆ. ಮೊದಲ ದಿನ ನಾನು ಕೆಂಡವಾದೆ. ನಿಮಗೆ ನಾಚಿಕೆಯಾಗಲ್ವಾ, ಯಾರನ್ನು ಹೊಡೆಯೋಕೆ ಹೊರಟಿದ್ದೀರಿ ಎಂದೆ. ‘ಹೊಡೆಯೋಕೆ ಅಲ್ಲ ಕಣೇ. ಆ ಗುಂಪಲ್ಲಿ ಒಬ್ಬನಾದ್ರೂ ಅವರನ್ನ ಗುರುತು ಹಿಡಿಯೋನು ಇರ್ಬೇಕಲ್ಲ’ ಎಂದರು. ನೊಣವನ್ನು ಹೊಡೆಯಲೂ ಆಗದ ಆ ಬ್ಯಾಟನ್ನು ಈಗ ದಿನಾ ಸಂಜೆ ನಾನೇ ಬಾಗಿಲಿಗೆ ತಂದುಕೊಡುತ್ತೇನೆ.

ನನ್ನ ಸ್ಥಿತಿಯನ್ನೂ ಹೇಳಿಬಿಡುತ್ತೇನೆ, ನಕ್ಕುಬಿಡು. ನಿನ್ನೆ ಮಧ್ಯಾಹ್ನ ಒಬ್ಬಳೇ ಇದ್ದೆ. ಬೀದಿಯಲ್ಲಿ ಬರುತ್ತಿದ್ದ ಚಪ್ಪಲಿಯ ಸದ್ದು ನಮ್ಮ ಕಿಟಕಿಯ ಕೆಳಗೆ ಬಂದು ನಿಂತಿತು. ಮುಂದೆ ಹೋಗಲಿಲ್ಲ. ಕಥೆ ಕಟ್ಟಿದವಳು ನಾನು. ಕಥೆಯಲ್ಲಿ ಬರುವವನು ನನ್ನನ್ನು ಹೆಗಲ ಮೇಲೆ ಹೊತ್ತು ಊರು ತೋರಿಸಿದವನು. ಇಷ್ಟೆಲ್ಲ ಗೊತ್ತಿದ್ದೂ ನನ್ನ ಕೈ ತಾನಾಗಿ ಚಿಲಕಕ್ಕೆ ಹೋಯಿತು. ಗೋಡೆಗೆ ಬೆನ್ನು ಕೊಟ್ಟು ನಿಂತೆ. ಕಡೆಗೆ ಇಣುಕಿದರೆ ಎದುರು ಮನೆಯ ತಾತ, ಕಿತ್ತುಹೋದ ಚಪ್ಪಲಿಯ ಬಾರನ್ನು ಪಿನ್ನು ಹಾಕಿ ಸರಿಮಾಡಿಕೊಳ್ಳುತ್ತಿದ್ದರು. ನಾನೇ ಹೀಗಾದರೆ ಇನ್ನು ಉಳಿದವರನ್ನು ಏನೆಂದು ಬೈಯಲಿ?

ಅದಕ್ಕೇ ಹೇಳುವುದು, ಅಲ್ಲೇ ಇರು. ಹೊಸ ಅಂಗಿಯನ್ನು ಮಡಿಚಿಡು. ಜನ ಇದನ್ನು ಮರೆಯಲಿ, ಇನ್ನೊಂದಕ್ಕೆ ಹೆದರಲಿ, ಆಗ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಅಮ್ಮನ ಮಷೀನಿಗೆ ಎಣ್ಣೆ ಬಿಟ್ಟಿದ್ದೇನೆ. ಹನಿಯನ್ನು ಕಿವಿಗೇ ಬಿಡು. ನಿನ್ನ ದರ್ಜಿಗೆ ನನ್ನ ನಮಸ್ಕಾರ ತಿಳಿಸು, ಅವನು ನನ್ನನ್ನು ಕಲ್ಲುಮನಸ್ಸಿನವಳು ಎಂದುಕೊಂಡಿದ್ದಾನೆ, ಅಲ್ಲವೆಂದು ಹೇಳು. ನಿನ್ನ ಆಶೀರ್ವಾದ ಕೇಳುವುದು ವಾಡಿಕೆ. ಈ ಸಲ ಅದನ್ನು ನಿನ್ನ ಬಳಿಯೇ ಇಟ್ಟುಕೋ, ನನಗಿಂತ ನಿನಗೇ ಅದರ ಅಗತ್ಯ ಹೆಚ್ಚು.

ಇಂತಿ,
ನಿನ್ನ ಬಾಯಿಬಡುಕಿ

ಮಾವಾ, ಮೊದಲು ಇದನ್ನೇ ಓದು. ಈಗ ಬುಧವಾರ ಬೆಳಗ್ಗೆ, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಡ್ರೈವರು ಹಾರ್ನು ಹೊಡೆಯುತ್ತಿದ್ದಾನೆ. ದರ್ಜಿ ಈಗಷ್ಟೇ ಫೋನ್ ಮಾಡಿದ. ‘ಮನಸ್ಸು ತಡೀಲಿಲ್ಲ ತಾಯಿ, ನೀವು ಬರಬೇಡ ಅಂದಿದ್ದನ್ನ ಹೇಳಿಬಿಟ್ಟೆ. ಹಾಗಾದ್ರೆ ಅವಳಿಗೇನೋ ಕಷ್ಟ ಬಂದಿದೆ ಅಂತ ಇವತ್ತು ಮೊದಲನೇ ಬಸ್ಸಿಗೇ ಹೊರಟುಬಿಟ್ರು’ ಎಂದ. ಅಂದರೆ ಶುಕ್ರವಾರವಲ್ಲ, ಇವತ್ತೇ ಸಂಜೆ. ಈ ಬಸ್ಸೂ ನಿನ್ನ ಬಸ್ಸೂ ನಡುದಾರಿಯಲ್ಲಿ ಊಟಕ್ಕೆ ಒಂದೇ ಕಡೆ ನಿಲ್ಲುತ್ತವಂತೆ. ನಿನ್ನ ಗುರುತು ಹೇಳಿ ಎಂದು ಡ್ರೈವರು ಕೇಳಿದ. ಚೀಲ ಎನ್ನಲಾರೆ, ತಲೆ ಎನ್ನಲಾರೆ. ಕಾಲರಿಗೆ ಸೂಜಿ ಚುಚ್ಚಿಕೊಂಡಿರ್ತಾರೆ, ಚಹಾ ಕುಡಿಯೋಕೆ ಮುಂಚೆ ಲೋಟಾನ ಬೆರಳಲ್ಲಿ ತಟ್ಟಿ ಸದ್ದು ಕೇಳ್ತಾರೆ ಎಂದೆ. ‘ಅಂಥೋರು ಸಿಕ್ಕೇ ಸಿಗ್ತಾರೆ ಬಿಡಿ’ ಎಂದ. ನನಗೆ ಕಷ್ಟವೆಂದು ಹೊರಟವನು ನೀನು, ಇದನ್ನು ಓದಿ ಹಿಂತಿರುಗುವುದಿಲ್ಲ ಎಂದು ಗೊತ್ತು. ಹಾಗಾದರೆ ಕೇಳು. ಯಾರೇ ಏನು ಕೆಲಸ ಎಂದರೂ ಉತ್ತರ ಕೊಡಬೇಡ. ನಿಜ ಹೇಳಲೇಬೇಡ. ಕೊನೆಯ ಬೆಂಚಿನ ಹುಡುಗಿ ಇಲ್ಲೇ ನನ್ನ ಪಕ್ಕದಲ್ಲಿದ್ದಾಳೆ. ‘ಹೇಳೋದು ಬೇಡ ಮೇಡಂ, ಹೇಳಿದ್ದೆಲ್ಲ ಅವರು ಕಥೆಗೆ ಸೇರಿಸ್ಕೊಳ್ತಾರೆ. ತೋರಿಸೋಣ’ ಎಂದಳು. ಮಧ್ಯಾಹ್ನ ಅವಳೂ ನಾನೂ ಅಮ್ಮನ ಮಷೀನನ್ನು ಹೊತ್ತು ತಂದು, ಈ ಬೆಂಚಿನ ಮೇಲೆ, ಎಲ್ಲರ ಕಣ್ಣೆದುರು ಇಡುತ್ತೇವೆ. ಅವಳು ಬಟ್ಟೆ ಹಿಡಿಯುತ್ತಾಳೆ, ನಾನು ಹಿಡಿಕೆ ತಿರುಗಿಸುತ್ತೇನೆ. ಎಣ್ಣೆ ಬಿಟ್ಟಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ನೀನು ಹೋದಮೇಲೆ ಒಂದು ತೊಟ್ಟೂ ಬಿಟ್ಟಿಲ್ಲ, ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ. ನೀನು ಅದನ್ನು ಸರಿಮಾಡುವುದನ್ನು ಊರು ಕಣ್ಣಾರೆ ನೋಡಲಿ. ಅವಳಮ್ಮ ಬರುವುದಿಲ್ಲವಂತೆ, ಅಲ್ಲಿ ಎದುರಿಗಿರುವ ತಮ್ಮ ಮನೆಯ ಕಿಟಕಿಯಿಂದ ನೋಡುತ್ತಾಳಂತೆ. ಬ್ಯಾಟು ಹಿಡಿದವರೂ ಬಡಿಗೆ ಹಿಡಿದವರೂ ಇಲ್ಲೇ ಇರುತ್ತಾರೆ. ಕೆಲಸಕ್ಕೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಸ್ಸಿಳಿದವನು ಯಾವ ಕಿಟಕಿಯ ಕೆಳಗೂ ನಿಲ್ಲಬೇಡ. ಮಗು ಎದುರಿಗೆ ಬಂದರೆ ಜೇಬಿಗೆ ಕೈ ಹಾಕಬೇಡ. ತಲೆ ವಾಲಿಸಬೇಡ ಎಂದು ಮಾತ್ರ ನಾನು ಹೇಳಲಾರೆ, ಅಕ್ಕನ ಮಷೀನು ಅಳುವುದು ಕೇಳಿದರೆ ನೀನು ವಾಲಿಸದೆ ಇರಲಾರೆ. ವಾಲಿಸು, ಆದರೆ ನಿಲ್ಲಬೇಡ. ಸದ್ದು ಬಂದ ಕಡೆಗೇ ನಡೆದು ಬಾ. ನೀನು ಬಂದು ನನ್ನ ಕೈ ಹಿಡಿದು ನಿಲ್ಲಿಸುವ ತನಕ ನಾನು ತಿರುಗಿಸುತ್ತಲೇ ಇರುತ್ತೇನೆ.